ಹಲಸೂರಿನ ವಠಾರದಲ್ಲಿ ಕಡಲ ಭೂತ

ಮೊನ್ನೆ ನಮ್ಮ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಾಗ ಒಳಗಿನಿಂದ ಒಂದು ವಾಸನೆ ಬಂತು. ತೆಂಗಿನ ಸಿಪ್ಪೆಯ ಹೊಗೆ, ಹಳೇ ಚರ್ಮದ ಚೀಲ, ಉಪ್ಪು, ಎಲ್ಲದರ ಅಡಿಯಲ್ಲಿ ಸ್ವಲ್ಪ ಮೀನು. ಯಾರೋ ಬಾಡಿಗೆಯವರು ಊರಿಂದ ಪಾರ್ಸೆಲ್ ತರಿಸಿಕೊಂಡಿರಬೇಕು. ಒಳಗಿದ್ದ ಹುಡುಗಿ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡಿದ್ದ ನಾನು ಒಳಗೆ ನುಗ್ಗಿ, ಇಳಿಯಬೇಕಾದ ಮಹಡಿಯಲ್ಲಿ ಇಳಿಯದೆ, ತುದಿಯ ತನಕ ಹೋಗಿ ಮತ್ತೆ ಕೆಳಗೆ ಬಂದೆ. ಆಮೇಲೆ ಇನ್ನೊಂದು ಸುತ್ತು. ಸೆಕ್ಯುರಿಟಿಯವನು ಬಂದು "ಏನಾಯ್ತು ಅಮ್ಮಾ, ಲಿಫ್ಟ್ ನಿಲ್ತಾ ಇಲ್ವಾ?" ಅಂದ. "ಇಲ್ಲಪ್ಪ, ಮಗೂನ ಆಡಿಸ್ತಾ ಇದೀನಿ" ಅಂದೆ. ಮಗು ಪಾಪ ಗಾಢ ನಿದ್ದೆಯಲ್ಲಿತ್ತು.

ಆ ವಾಸನೆ ಒಣಮೀನಿನದು, ಆದರೆ ನಮ್ಮ ಸಂತೆಯ ಒಣಮೀನಿನದಲ್ಲ. ಹೊಗೆಯಲ್ಲಿಟ್ಟು, ಬಿಸಿಲಲ್ಲಿಟ್ಟು, ಕಟ್ಟಿಗೆಯ ತುಂಡಿನ ಹಾಗೆ ಗಟ್ಟಿಯಾಗುವವರೆಗೂ ಒಣಗಿಸಿದ ದ್ವೀಪದವರ ಮೀನು. ಅದನ್ನು ಅವರು ಮಾಸ್ ಅನ್ನುತ್ತಾರೆ. ಚಾಕುವಿನಲ್ಲಿ ಹೆರೆದು, ತೆಂಗಿನ ತುರಿ ಮತ್ತು ಈರುಳ್ಳಿ ಜೊತೆ ಕಲಸಿದರೆ ಅನ್ನಕ್ಕೆ ಬೇರೆ ಏನೂ ಬೇಡ. ನಾನು ಅದನ್ನು ತಿಂದದ್ದು ಹಲಸೂರಿನಲ್ಲಿ, ಸಮುದ್ರವನ್ನು ಕಣ್ಣಲ್ಲಿ ಕಾಣುವುದಕ್ಕೂ ಎಷ್ಟೋ ವರ್ಷ ಮೊದಲು. ಬೇಗ ಮದುವೆಯಾಗಿ, ಮಗಳಿಗೂ ಬೇಗ ಮದುವೆ ಮಾಡಿ, ತಲೆ ಪೂರ್ತಿ ನರೆಯುವ ಮೊದಲೇ ಅಜ್ಜಿಯಾಗಿ ಕೂತವಳು ನಾನು. ಹಾಗಾಗಿ ನನ್ನ ಬಾಲ್ಯವೆಂದರೆ ತೀರಾ ಹಳೇ ಕಾಲವೇನಲ್ಲ, ತೊಂಬತ್ತರ ದಶಕದ ಮೊದಲ ವರ್ಷಗಳು. ಆದರೂ ಆ ಮನೆ, ಆ ಜನ, ಆ ಸಂಜೆಗಳು ಎಷ್ಟು ಪೂರ್ತಿಯಾಗಿ ಅಳಿಸಿಹೋಗಿವೆಯೆಂದರೆ, ಆ ಗಲ್ಲಿಗೆ ಹೋಗಿ ನಿಂತರೂ ಯಾವ ಕಡೆ ಮುಖ ಮಾಡಬೇಕೆಂದು ತಿಳಿಯುವುದಿಲ್ಲ. ನಿಮಗೂ ಅಂಥದೊಂದು ಗಲ್ಲಿ ಇದ್ದೇ ಇರುತ್ತದೆ.

ನಮ್ಮದು ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ವಠಾರ. ಮುಂದೆ ನಮ್ಮ ಮನೆ, ಹಿಂದೆ ಹೆಂಚಿನ ಒಂದೇ ಸಾಲಿನಲ್ಲಿ ಬಾಡಿಗೆಯ ಕೋಣೆಗಳು, ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಸಂಜೆಯಾದರೆ ಮಸೀದಿಯ ಅಜಾನ್, ಸೋಮೇಶ್ವರನ ಗಂಟೆ, ಕೆರೆಯಾಚೆ ಮಿಲಿಟರಿಯವರ ಕಹಳೆ ಒಂದರ ಬೆನ್ನಿಗೊಂದು ಬರುತ್ತಿದ್ದವು. ಅದರ ಜೊತೆಗೆ ಸೀಮೆಎಣ್ಣೆ ಸ್ಟೌವಿನ ಭುಸುಭುಸು, ಮೊದಲ ಕೋಣೆಯ ಬಾಡಿಗೆಯ ಕಮಲಕ್ಕನ ಒಗ್ಗರಣೆ, ಆಡುತ್ತಿದ್ದ ಮಕ್ಕಳನ್ನು ಕೂಗಿ ಕರೆಯುವ ತಾಯಂದಿರ ದನಿ. ಇದೆಲ್ಲಕ್ಕೂ ಯಜಮಾನಿ ನಮ್ಮಜ್ಜಿ ಮುನಿಯಮ್ಮ. ಬಾಡಿಗೆಯವರಿಗೆ ಓನರಮ್ಮ. ಹೊರಮಾವು ಇನ್ನೂ ರಾಗಿ ಹೊಲಗಳ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ, ಹಲಸೂರಿಗೆ ಸೊಸೆಯಾಗಿ ಬಂದವಳು. ಕನ್ನಡ ಮನೆಯ ಭಾಷೆ, ತಮಿಳು ನಲ್ಲಿಯ ಭಾಷೆ, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಕಲಿತ ಉರ್ದು ಚೌಕಾಸಿಯ ಭಾಷೆ. ಮೂರರಲ್ಲೂ ಬೈಯಲು ಬರುತ್ತಿತ್ತು.

ಕೊನೆಯ ಕೋಣೆಗೆ ಹವ್ವಮ್ಮ ಬಂದದ್ದು ಒಂದು ಬೇಸಿಗೆಯಲ್ಲಿ. ನಿಜವಾದ ಹೆಸರು ಹವ್ವಾ. ಅಜ್ಜಿಯ ಬಾಯಿಗೆ ಬಿದ್ದ ದಿನವೇ ಹವ್ವಮ್ಮ ಆಯಿತು. ಲಕ್ಷದ್ವೀಪದ ತೆಂಕಣ ತುದಿಯಲ್ಲಿ ಒಂಟಿಯಾಗಿ ನಿಂತ ಒಂದು ದ್ವೀಪ ಅವರದು. ಮಗಳು ನಫೀಸಾ ಇಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಅವಳಿಗೆ ಬೇಯಿಸಿ ಹಾಕಲು ತಾಯಿಯೂ ಬಂದು ನಿಂತರು. ಗಂಡ ತೀರಿಕೊಂಡಿದ್ದ. ಮಗ ಮೂಸಾ ದೊಡ್ಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಹಡಗು ಯಾವುದಾದರೂ ಬಂದರಿಗೆ ಬಂದಾಗ ಅವನು ಗಲ್ಲಿಯ ತುದಿಯ ಸೆಲ್ವಣ್ಣನ ಬೂತಿಗೆ ಫೋನು ಮಾಡುತ್ತಿದ್ದ. ಸೆಲ್ವಣ್ಣ ಬೀದಿಗೆ ಬಂದು "ಹವ್ವಮ್ಮಾ, ಮಗ ಲೈನಲ್ಲಿದಾರೆ!" ಎಂದು ಕೂಗಿದರೆ ಸಾಕು, ಆ ದಪ್ಪ ಹೆಂಗಸು ಚಪ್ಪಲಿ ಬಿಟ್ಟು ಓಡುವುದನ್ನು ನೋಡಬೇಕಿತ್ತು. ಫೋನಿನಲ್ಲಿ ಮಾತಾಡಿದ್ದಕ್ಕಿಂತ ನಕ್ಕಿದ್ದೇ ಜಾಸ್ತಿ. ವಾಪಸ್ಸು ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಸುದ್ದಿ: "ಮೂಸಾ ಬರ್ತಾನೆ. ಈ ಸಲ ರಜಾ ಸಿಕ್ಕಿದ್ರೆ ಬೆಂಗ್ಳೂರಿಗೇ ಬರ್ತಾನೆ." ಮಗನನ್ನು ನೋಡದೆ ಎರಡು ವರ್ಷವಾಗಿತ್ತು. ಅವನು ಬಂದು ಆ ಕೋಣೆಯ ಬಾಗಿಲಲ್ಲಿ ನಿಲ್ಲುವುದೊಂದನ್ನು ಬಿಟ್ಟು ಅವರು ನಮ್ಮೂರಿನಿಂದ ಬೇರೇನನ್ನೂ ಕೇಳಲಿಲ್ಲ.

ಅಜ್ಜಿಗೂ ಅವರಿಗೂ ಮೊದಲ ವಾರವೇ ಜಗಳವಾಯಿತು. ದೀಪ ಹಚ್ಚುವ ಹೊತ್ತಿಗೆ ನಮ್ಮ ವಠಾರದಲ್ಲಿ ಎಲ್ಲ ಬಾಗಿಲೂ ತೆರೆದಿರಬೇಕು, ಎಲ್ಲ ಹೊಸ್ತಿಲಲ್ಲೂ ಬೆಳಕಿರಬೇಕು. ಲಕ್ಷ್ಮಿ ಬರುವ ಹೊತ್ತು ಅದು. ಕ್ರೈಸ್ತರಾಗಲಿ ಸಾಬರಾಗಲಿ, ಆ ಹೊತ್ತಿನಲ್ಲಿ ಬಾಗಿಲು ಹಾಕಿದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಹವ್ವಮ್ಮ ಸರಿಯಾಗಿ ಆ ಹೊತ್ತಿಗೇ ಬಾಗಿಲು ಎಳೆದು, ಚಿಲಕ ಹಾಕಿ, ಬಲ್ಬು ಆರಿಸಿ ಕತ್ತಲಲ್ಲಿ ಕೂರುತ್ತಿದ್ದರು. ಬೆಳಕಿನ ಸಾಲಿನ ಕೊನೆಯಲ್ಲಿ ಆ ಕೋಣೆ ಬಿದ್ದುಹೋದ ಹಲ್ಲಿನ ಜಾಗದ ಹಾಗೆ ಕಾಣುತ್ತಿತ್ತು.

"ಏನಮ್ಮಾ ಇದು? ದೀಪ ಹಚ್ಚೋ ಹೊತ್ತಲ್ಲಿ ಬಾಗ್ಲು ಜಡ್ಕೊಂಡು ಕೂತ್ಕೊಂಡ್ರೆ ಮನೆ ಉದ್ಧಾರ ಆಗುತ್ತಾ?" ಅಜ್ಜಿ ಬೆಳಿಗ್ಗೆ ನಲ್ಲಿಯ ಹತ್ತಿರ ಹಿಡಿದುಕೊಂಡಳು.

"ಅಮ್ಮಾ, ನಮ್ಮ ಕಡೆ ಆ ಹೊತ್ತಿಗೇ ಅದು ಬರೋದು."

"ಯಾವುದು?"

"ಸಮುದ್ರದ್ದು."

"ಸಮುದ್ರ ಎಲ್ಲಿದೆ ತಾಯಿ ಇಲ್ಲಿ? ಇರೋದೊಂದು ಹಲಸೂರು ಕೆರೆ. ಅದ್ರಿಂದ ಸೊಳ್ಳೆ ಬಿಟ್ರೆ ಏನೂ ಬರಲ್ಲ."

ಹವ್ವಮ್ಮ ನಂಬಲಿಲ್ಲ. ಅವತ್ತು ಮಧ್ಯಾಹ್ನ ನನ್ನನ್ನೂ ನನ್ನ ತಮ್ಮ ಮಂಜನನ್ನೂ ಕರೆದುಕೊಂಡು ಕೆರೆ ನೋಡಲು ಹೋದರು. ಕೆರೆಯ ನಡುವೆ ಮರ ತುಂಬಿದ ಸಣ್ಣ ಸಣ್ಣ ನಡುಗಡ್ಡೆಗಳಿವೆಯಲ್ಲ, ಅವನ್ನು ಕಂಡದ್ದೇ ಕಟ್ಟೆಯ ಮೇಲೆ ಕೂತುಬಿಟ್ಟರು. "ಅಲ್ಲಿ ಯಾರಿದಾರೆ?" ಅಂದರು. "ಕೊಕ್ಕರೆ" ಅಂದ ಮಂಜ. ಬಹಳ ಹೊತ್ತು ನೀರನ್ನೇ ನೋಡಿ, "ದ್ವೀಪ ಇದ್ದ ಮೇಲೆ ಅದೂ ಇರುತ್ತೆ" ಎಂದು ತೀರ್ಮಾನ ಹೇಳಿ ಎದ್ದರು. ಹೀಗೆ ಬೆಂಗಳೂರಿಗೆ ಕಡಲ ಭೂತ ಬಂತು. ಅಜ್ಜಿ ಕೇಳಿ ಹಣೆ ಚಚ್ಚಿಕೊಂಡಳು. ಆದರೆ ಬಾಡಿಗೆ ಸರಿಯಾಗಿ ಬರುತ್ತಿತ್ತು, ಜೊತೆಗೆ ಹೆರೆದ ಮಾಸ್ ಒಂದು ಬಟ್ಟಲು ಬರುತ್ತಿತ್ತು. ಅದರ ರುಚಿ ಹತ್ತಿದ ಮೇಲೆ ಕತ್ತಲೆ ಕೋಣೆಯ ವಿಷಯ ತಾನಾಗಿ ತಣ್ಣಗಾಯಿತು.

ಶಾಲೆ ಬಿಟ್ಟ ಮೇಲೆ, ಹವ್ವಮ್ಮ ಬಾಗಿಲು ಹಾಕುವುದರೊಳಗೆ, ನಾವು ಅವರ ಕೋಣೆಯಲ್ಲಿರುತ್ತಿದ್ದೆವು. ಗೋಡೆಯ ಮೇಲೆ ಮೂಸಾ ಕಳುಹಿಸಿದ್ದ ಹಡಗಿನ ಪಟ, ಮೂಲೆಯಲ್ಲಿ ಚಾಪೆ, ಮೇಲಿನಿಂದ ತೂಗುಬಿಟ್ಟ ಮಾಸಿನ ಚೀಲ, ಎಲ್ಲಕ್ಕೂ ಅಂಟಿದ ಹೊಗೆಯ ವಾಸನೆ. ಅರ್ಧ ಮಲಯಾಳ, ಕಾಲು ಹಿಂದಿ, ಉಳಿದದ್ದು ನಮ್ಮಿಂದಲೇ ಕಲಿತ ಕನ್ನಡ. ಅಷ್ಟರಲ್ಲೇ ಅವರು ಒಂದು ಇಡೀ ಸಮುದ್ರವನ್ನು ತಂದು ಸುರಿಯುತ್ತಿದ್ದರು. ದಡಕ್ಕೆ ತೇಲಿಬಂದ ಮರದ ದಿಮ್ಮಿಯನ್ನು ಅವರ ದ್ವೀಪದಲ್ಲಿ ಯಾರೂ ಹಾಗೇ ಎಳೆದುಕೊಳ್ಳುವುದಿಲ್ಲವಂತೆ. ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ಕಾಯಬೇಕು. ಒಳಗಿನಿಂದ ಯಾರಾದರೂ ತಿರುಗಿ ತಟ್ಟಿದರೆ, ದಿಮ್ಮಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತ ಮನೆಗೆ ಹೋಗಬೇಕು. ಹವಳದ ದಂಡೆಯ ಕೆಳಗೆ ಒಂದು ಮುದುಕಿ ಮಲಗಿರುತ್ತಾಳೆ. ಅವಳು ಉಸಿರು ಎಳೆದರೆ ನೀರು ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಕನಸು ಕಂಡರೆ ಬಿರುಗಾಳಿ. ಮಂಜ ಅವತ್ತಿನಿಂದ ಅಜ್ಜಿ ಗೊರಕೆ ಹೊಡೆಯುವಾಗ ನಲ್ಲಿಗೆ ನೀರು ಬಂತಾ ಎಂದು ನೋಡಲು ಓಡುತ್ತಿದ್ದ.

ಇವೆಲ್ಲ ಸಣ್ಣಪುಟ್ಟವು. ಮುಸ್ಸಂಜೆ ಬರುವ ಅದು ಮಾತ್ರ ಬೇರೆ. ಅದರ ಹೆಸರನ್ನು ಹವ್ವಮ್ಮ ಕೊನೆಯವರೆಗೂ ಹೇಳಲಿಲ್ಲ. ದೂರದಿಂದ ನೋಡಿದರೆ ಹಡಗಿನ ಹಾಗೆ ಕಾಣುತ್ತದೆ, ಮೈ ತುಂಬ ದೀಪ. ಹತ್ತಿರ ಬಂದಾಗ ಅವು ದೀಪಗಳಲ್ಲ, ಕಣ್ಣು. ದಡ ಹತ್ತಿದ ಮೇಲೆ ಮನುಷ್ಯನಷ್ಟೇ ಎತ್ತರ, ಮೈಗೆ ನೆನೆದ ಹಗ್ಗದ ವಾಸನೆ, ಮರಳಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಬೆಳಕಿರುವ ಬಾಗಿಲು ಹುಡುಕಿ ಬಂದು ನಿಂತು, ಕಡಲಿಗೆ ಹೋದವರ ದನಿಯಲ್ಲಿ ಒಳಗಿದ್ದವರ ಹೆಸರು ಹಿಡಿದು ಕರೆಯುತ್ತದೆ. ಗಂಡನ ದನಿ, ಅಣ್ಣನ ದನಿ, ಮಗನ ದನಿ. ಎದ್ದು ಹೊರಗೆ ಬಂದವರು ಅದರ ಹಿಂದೆಯೇ ನಡೆದು ನೀರಿಗಿಳಿದುಬಿಡುತ್ತಾರೆ. ಹವ್ವಮ್ಮನ ಚಿಕ್ಕಮ್ಮನೊಬ್ಬಳು ಹಾಗೇ ಹೋದಳಂತೆ, ಅಡುಗೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ. ಅದಕ್ಕೇ ಕತ್ತಲು, ಅದಕ್ಕೇ ಚಿಲಕ. ಆದರೆ ಅದಕ್ಕೊಂದು ಕುಂದಿದೆ. ಒಂದು ಸಲ ಕರೆಯುತ್ತದೆ, ಎರಡು ಸಲ ಕರೆಯುತ್ತದೆ, ಮೂರನೆಯ ಸಲ ಕರೆಯಲು ಅದಕ್ಕೆ ಬರುವುದಿಲ್ಲ. ಮೂರನೆಯ ಸಲ ಕರೆದರೆ ಅದು ಮನುಷ್ಯನೇ ಸರಿ. ಆಗ ಬಾಗಿಲು ತೆಗೆಯಬೇಕು.

"ಹಂಗಾದ್ರೆ ನಿನ್ನ ಮಗ ಸಂಜೆ ಮೇಲೆ ಬಂದ್ರೆ ಏನ್ಮಾಡ್ತೀಯ?" ಅಜ್ಜಿ ಒಮ್ಮೆ ಕೇಳಿದಳು.

"ಅವನೂ ದ್ವೀಪದವನೇ ಅಲ್ವಾ ಅಮ್ಮಾ. ಮೂರು ಸಲ ಕರೀತಾನೆ."

ಅಜ್ಜಿಗೆ ಒಳಗೊಳಗೆ ಹೊಟ್ಟೆಕಿಚ್ಚು. ಇಷ್ಟು ದಿನ ವಠಾರದ ಮಕ್ಕಳಿಗೆ ದೆವ್ವ ಸರಬರಾಜು ಮಾಡುತ್ತಿದ್ದವಳು ಅವಳೊಬ್ಬಳೇ. "ನಿಮ್ಮದೇನು ಮಹಾ, ನಮ್ಮ ಹೊರಮಾವಿನ ಕೊಳ್ಳಿದೆವ್ವ ಬಾಯಲ್ಲೇ ಬೆಂಕಿ ಇಟ್ಕೊಂಡು ಹೊಲದ ತುಂಬಾ ಓಡಾಡ್ತಿತ್ತು" ಎನ್ನುವಳು. ಹವ್ವಮ್ಮ ಮರ್ಯಾದೆಗೆ ತಲೆ ಆಡಿಸಿ, "ಅದಕ್ಕೆ ಈಜು ಬರುತ್ತಾ?" ಎಂದು ಕೇಳುವರು. ಅಜ್ಜಿಯ ಮುಖ ನೋಡಿ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ನನಗೂ ಮಂಜನಿಗೂ ಒಂದು ಆಟ ಸಿಕ್ಕಿತ್ತು. ಮುಸ್ಸಂಜೆ ಅವರ ಬಾಗಿಲ ಹತ್ತಿರ ಹೋಗಿ ದಪ್ಪ ದನಿ ಮಾಡಿ "ಹವ್ವಾ" ಎನ್ನುವುದು. ಮೊದಲ ಸಲ ಸದ್ದಿಲ್ಲ. ಎರಡನೆಯ ಸಲ ಒಳಗೆ ಬಳೆಯ ಸಣ್ಣ ಸದ್ದು. ಮೂರನೆಯ ಸಲ ಬಾಗಿಲು ತೆರೆದು, ಕಿವಿ ಹಿಡಿದು, "ಮನುಷ್ಯರಲ್ಲ, ಕೋತಿಗಳು" ಎಂದು ಬೈದು ಬಾಯಿಗೆ ಬೆಲ್ಲ ಕೊಬ್ಬರಿ ತುರುಕುತ್ತಿದ್ದರು.

ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ರಾತ್ರಿ ಒಂದು ಹೆಣ್ಣುದೆವ್ವ ಬರುತ್ತದೆ, ಮನೆಯವರ ದನಿಯಲ್ಲೇ ಹೆಸರು ಕೂಗುತ್ತದೆ, ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂದು ಊರೆಲ್ಲ ಸುದ್ದಿ. ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ ಓದಿಕೊಂಡು ವಾಪಸ್ಸು ಹೋಗುತ್ತದಂತೆ. ನನ್ನ ಅಕ್ಷರ ದುಂಡಗಿದ್ದ ಕಾರಣ ನಮ್ಮ ವಠಾರದ ಬಾಗಿಲುಗಳಿಗೆಲ್ಲ ನಾನೇ ಬರೆದೆ. ಸೀಮೆಸುಣ್ಣ ಹಿಡಿದು ಕೊನೆಯ ಕೋಣೆಗೆ ಹೋದಾಗ ಹವ್ವಮ್ಮ ಕೈ ಅಡ್ಡ ಇಟ್ಟರು. ಏನು ಬರೆಯುತ್ತೀಯ ಎಂದು ಕೇಳಿದರು. ಹೇಳಿದೆ. ಅವರು ಗಾಬರಿಯಾಗಿ ಅಜ್ಜಿಯನ್ನೇ ಕರೆದರು.

"ಅಮ್ಮಾ, ಅದನ್ನ ಬಾ ಅಂತ ಕರೀತೀರಾ?"

"ಇವತ್ತು ಬೇಡ, ನಾಳೆ ಬಾ ಅಂತ."

"ನಾಳೆ ಬರುತ್ತಲ್ಲ?"

"ಬರ್ಲಿ. ನಾಳೆನೂ ಅದೇ ಬರ್ದಿರುತ್ತೆ. ನಾಡಿದ್ದೂ ಅದೇ. ಓದ್ಕೊಂಡು ಓದ್ಕೊಂಡು ಹೋಗ್ತಾ ಇರ್ಬೇಕು ಅಷ್ಟೆ!" ಅಜ್ಜಿಗೆ ನಮ್ಮೂರಿನ ಬುದ್ಧಿವಂತಿಕೆಯ ಬಗ್ಗೆ ಹೆಮ್ಮೆಯೋ ಹೆಮ್ಮೆ.

ಹವ್ವಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ನೀವು ದೆವ್ವಕ್ಕೂ ಬಾಡಿಗೆ ಕೇಳೋಕೆ ಬಂದೋರಿಗೆ ಹೇಳ್ದಂಗೆ ಹೇಳ್ತೀರ. ನಮ್ಮಲ್ಲಿ ಹಂಗಿಲ್ಲ. ಸುಮ್ನೆ ಇರ್ತೀವಿ. ಮನೇಲಿ ಯಾರೂ ಇಲ್ಲ ಅನ್ಕೊಂಡು ಹೋಗ್ಬೇಕು." ಅವರ ಬಾಗಿಲ ಮೇಲೆ ಬರೆಯಲು ಬಿಡಲಿಲ್ಲ. ಆದರೆ ಆ ಎರಡು ಮಾತು ಅವರಿಗೆ ಎಷ್ಟು ತಮಾಷೆಯಾಗಿ ಕಂಡಿತೆಂದರೆ, ಸೊಪ್ಪಿನವಳು ಬಂದರೂ "ನಾಳೆ ಬಾ", ಬೆಕ್ಕು ಬಂದರೂ "ನಾಳೆ ಬಾ" ಎಂದು ನಗುತ್ತಿದ್ದರು.

ಆ ವರ್ಷ ಮಳೆಗಾಲ ಹಿಡಿದ ಮೇಲೆ ಮೂಸಾನ ಫೋನು ಬರಲಿಲ್ಲ. ಹಡಗು ದೂರ ಹೋಗಿರಬೇಕು ಎಂದುಕೊಂಡರು. ಗಣೇಶನ ಹಬ್ಬ ಕಳೆಯಿತು. ಹವ್ವಮ್ಮ ದಿನಕ್ಕೊಮ್ಮೆ ಬೂತಿನ ಮುಂದೆ ಸುಮ್ಮನೆ ಹಾದು ಹೋಗಿ ಬರುತ್ತಿದ್ದರು. ಸೆಲ್ವಣ್ಣ ಕೂಗದಿದ್ದರೆ ಫೋನು ಬಂದಿಲ್ಲವೆಂದೇ ಅರ್ಥ, ಆದರೂ ಹೋಗುತ್ತಿದ್ದರು. ಅವನು ಪಾಪ ಅವರನ್ನು ಕಂಡ ತಕ್ಷಣ ರಿಸೀವರ್ ಎತ್ತಿ ಕಿವಿಗಿಟ್ಟು, "ಲೈನೇ ಸರಿ ಇಲ್ಲಮ್ಮ ಇವತ್ತು" ಎನ್ನುತ್ತಿದ್ದ. ದಸರೆ ಬಂತು, ಹೋಯಿತು. ನಫೀಸಾ ಡ್ಯೂಟಿ ಮುಗಿಸಿ ಬಂದು ತಾಯಿಯ ಮುಖ ನೋಡದೆ ಊಟ ಮಾಡಿ ಮಲಗುತ್ತಿದ್ದಳು. ಹವ್ವಮ್ಮ ಕಥೆ ಹೇಳುವುದು ನಿಲ್ಲಿಸಲಿಲ್ಲ, ಆದರೆ ನಡುವೆ ಎಲ್ಲೋ ಮರೆತು ಗೋಡೆಯ ಹಡಗನ್ನು ನೋಡುತ್ತ ಕೂರುತ್ತಿದ್ದರು. ಅಲ್ಲಿಂದ ಮುಂದೆ ಏನಾಯಿತು ಎಂದು ನಾವೂ ಕೇಳುತ್ತಿರಲಿಲ್ಲ.

ಕಾರ್ತಿಕ ಮಾಸದ ಒಂದು ಸಂಜೆ. ಎಲ್ಲ ಹೊಸ್ತಿಲಲ್ಲೂ ಮಣ್ಣಿನ ಹಣತೆಗಳ ಸಾಲು. ಕೊನೆಯ ಕೋಣೆಗೆ ಆಗಲೇ ಚಿಲಕ ಬಿದ್ದಿತ್ತು. ಗೇಟು ತೆಗೆದು ಒಬ್ಬ ಗಂಡಸು ಒಳಗೆ ಬಂದ. ಮೂವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಕ್ಯಾನ್ವಾಸಿನ ಚೀಲ. ನಾನು ಎದ್ದು ನಿಂತೆ. ಮೂಸಾ ಬಂದ ಎಂದೇ ನನಗೆ ಅನಿಸಿತು; ಮಂಜ ಆಗಲೇ ಕೈ ಚಪ್ಪಾಳೆಗೆ ಎತ್ತಿದ್ದ. ಅಜ್ಜಿ ಅವನ ಕೈ ಹಿಡಿದು ಕೆಳಗಿಳಿಸಿದಳು. ಅವಳಿಗೆ ಏನು ಕಂಡಿತೋ. ಆ ಮನುಷ್ಯ ಹಣತೆಗಳನ್ನು ತುಳಿಯದಂತೆ ಜಾಗ್ರತೆಯಾಗಿ ಅಂಗಳ ದಾಟಿ, ಕೊನೆಯ ಬಾಗಿಲ ಮುಂದೆ ನಿಂತು ಅವರ ಭಾಷೆಯಲ್ಲಿ ಕರೆದ. ಒಳಗೆ ಸದ್ದಿಲ್ಲ. ಎರಡನೆಯ ಸಲ ಕರೆದ. ಕಮಲಕ್ಕ ಸ್ಟೌ ಆರಿಸಿದಳು. ಇಡೀ ವಠಾರದಲ್ಲಿ ಎಣ್ಣೆಯಲ್ಲಿ ಬತ್ತಿ ಚಟಗುಟ್ಟುವುದು ಕೇಳುತ್ತಿತ್ತು. ಅವನು ಸ್ವಲ್ಪ ಹೊತ್ತು ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದು, ಮೂರನೆಯ ಸಲವೂ ಕರೆದ. ಈ ಸಲ ದನಿ ಒಡೆದಿತ್ತು.

ಒಳಗಿನಿಂದ ಹವ್ವಮ್ಮ ಒಂದೇ ಒಂದು ಪ್ರಶ್ನೆ ಕೇಳಿದರು. ಅವನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟ. ಅದೇನೆಂದು ನಮಗೆ ಗೊತ್ತಾದದ್ದು ಮಾರನೆಯ ದಿನ. ಅವರು ಕೇಳಿದ್ದು, "ಒಬ್ಬನೇ ಬಂದೆಯಾ?" ಅವನು ಹೇಳಿದ್ದು, "ಹೌದು."

ಚಿಲಕ ಸರಿಯಲಿಲ್ಲ. ಅವರ ಭೂತಕ್ಕಾದರೆ ಸುಮ್ಮನಿದ್ದರೆ ಸಾಕಿತ್ತು. ಇವನು ಮೂರು ಸಲ ಕರೆದಿದ್ದ, ಮನುಷ್ಯನಾಗಿದ್ದ. ಅವನನ್ನು ಹಿಂದಕ್ಕೆ ಕಳುಹಿಸಲು ಅವರ ದ್ವೀಪದಲ್ಲಿ ಯಾವ ದಾರಿಯೂ ಇರಲಿಲ್ಲ. ಬಾಗಿಲ ಹಿಂದಿನಿಂದ, ತೀರಾ ಮೆಲ್ಲಗೆ, ಕನ್ನಡದಲ್ಲಿ ಕೇಳಿಸಿತು:

"ನಾಳೆ ಬಾ."

ಅವನಿಗೆ ಕನ್ನಡ ತಿಳಿಯದು. ತಿರುಗಿ ನಮ್ಮ ಕಡೆ ನೋಡಿದ. ಅಜ್ಜಿ ಎದ್ದು ಹೋಗಿ ಅವನ ಚೀಲ ತೆಗೆದುಕೊಂಡು, ತನ್ನ ಮಾರ್ಕೆಟ್ಟಿನ ಉರ್ದುವಿನಲ್ಲಿ "ಕಲ್ ಆವೋ ಬೋಲೀ ಬೇಟಾ. ಚಲೋ, ಖಾನಾ ಖಾವ್" ಅಂದಳು. ಅವನು ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಕೈ ಎತ್ತಿ ತಡೆದಳು. "ನಮಗೆ ಹೇಳ್ಬೇಡ. ಮೊದ್ಲು ಅವಳಿಗೆ. ಅವಳಿಗಿಂತ ಮುಂಚೆ ಈ ವಠಾರದಲ್ಲಿ ಯಾರಿಗೂ ಗೊತ್ತಾಗ್ಬಾರ್ದು." ಇದನ್ನು ಯಾವ ಭಾಷೆಯಲ್ಲಿ ಹೇಳಿದಳೋ ನೆನಪಿಲ್ಲ, ಅವನಿಗೆ ಅರ್ಥವಾಯಿತು.

ಅವನ ಹೆಸರು ಖಾಸಿಂ. ಮಂಗಳೂರು ಹೆಂಚಿನ ನಮ್ಮ ಪಡಸಾಲೆಯಲ್ಲಿ, ಎಲ್ಲ ಗೊತ್ತಿದ್ದ ಅವನ ಸುತ್ತ ಏನೂ ಕೇಳದೆ ನಾವೆಲ್ಲ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು. ಅವನು ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ಅಗಿದ, ಅಗಿದ, ಅದು ಹೋಗಲೊಲ್ಲದು. ಮಂಜ ನಗು ತಡೆಯಲಾರದೆ ಕೆಮ್ಮಿದ. "ಅಗೀಬಾರ್ದು ಕಣಪ್ಪಾ, ನುಂಗ್ಬೇಕು, ಹಿಂಗೆ" ಎಂದು ಅಪ್ಪ ತೋರಿಸಿದರು. ಖಾಸಿಂ ಕಣ್ಣು ಮುಚ್ಚಿ ನುಂಗಿ, ಗಂಟಲು ಹಿಡಿದುಕೊಂಡು ನಮ್ಮನ್ನು ನೋಡಿದ. ಎಲ್ಲರೂ ನಕ್ಕುಬಿಟ್ಟೆವು. ಅಜ್ಜಿಯೂ ನಕ್ಕಳು, ಹಾಗೇ ಸೆರಗಿನಿಂದ ಮುಖ ಒರೆಸಿಕೊಂಡು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವನು ಎರಡು ಮುದ್ದೆ ತಿಂದ. ಎಷ್ಟು ದಿನದಿಂದ ಸರಿಯಾಗಿ ಉಂಡಿರಲಿಲ್ಲವೋ. ಊಟವಾದ ಮೇಲೆ ಅಜ್ಜಿ ಅಪ್ಪನನ್ನು ಪಕ್ಕಕ್ಕೆ ಕರೆದು, ಬೆಳಕು ಹರಿಯುವ ಮುಂಚೆ ಸ್ಕೂಟರಿನಲ್ಲಿ ಹೋಗಿ, ರಾತ್ರಿ ಡ್ಯೂಟಿಯಲ್ಲಿದ್ದ ನಫೀಸಾಳನ್ನು ಆಸ್ಪತ್ರೆಯಿಂದ ಕರೆತರಲು ಹೇಳಿದಳು. "ಏನಂತ ಹೇಳ್ಲಿ ಅವಳಿಗೆ?" ಅಂದರು ಅಪ್ಪ. "ಅಮ್ಮ ಕರೀತವ್ರೆ ಅನ್ನು. ಸುಳ್ಳಲ್ಲ" ಅಂದಳು.

ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಕೊನೆಯ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ನೆಲ ಸಾರಿಸಿ, ಚಾಪೆ ಹಾಸಿ, ಹವ್ವಮ್ಮ ಸ್ನಾನ ಮಾಡಿ ತಲೆಗೆ ಬಿಳಿಯ ಬಟ್ಟೆ ಹೊದ್ದು ಹೊಸ್ತಿಲ ಹತ್ತಿರ ಕೂತಿದ್ದರು. ನಮ್ಮ ಮನೆಯಿಂದ ಹೊರಬಂದ ಖಾಸಿಂನನ್ನು ಕಂಡು ಅವರೇ "ಬಾ" ಎಂದು ಕೈ ಮಾಡಿದರು. ನಫೀಸಾ ಸ್ಕೂಟರಿನಿಂದ ಇಳಿದವಳು ಯಾರನ್ನೂ ಏನೂ ಕೇಳದೆ ತಾಯಿಯ ಹಿಂದೆ ಹೋಗಿ ಕೂತಳು. ಅವರ ದ್ವೀಪದಲ್ಲಿ ಇಂಥ ಸುದ್ದಿಯನ್ನು ತಂತಿಯಲ್ಲಿ ಕಳುಹಿಸುವುದಿಲ್ಲವಂತೆ. ಜೊತೆಗೆ ಹಡಗಿನಲ್ಲಿದ್ದವನೇ ಬಂದು ಎದುರು ಕೂತು ಹೇಳಬೇಕಂತೆ. ಒಂದು ಮುಸ್ಸಂಜೆ ಅಲೆಗಳು ಏರಿದ್ದಾಗ ಮೂಸಾ ಡೆಕ್ಕಿನ ಮೇಲಿದ್ದ. ಆಮೇಲೆ ಇರಲಿಲ್ಲ. ಹಡಗು ಸುತ್ತಿ ಸುತ್ತಿ ಹುಡುಕಿದರೂ ಸಿಗಲಿಲ್ಲ. ಇಷ್ಟೇ ಸುದ್ದಿ. ಅಳು ಕೇಳಲಿಲ್ಲ. ಅವತ್ತು ವಠಾರದಲ್ಲಿ ಯಾರೂ ರೇಡಿಯೋ ಹಾಕಲಿಲ್ಲ, ಬಟ್ಟೆ ಒಗೆಯಲಿಲ್ಲ. ಹೊತ್ತು ಏರಿದ ಮೇಲೆ ಹವ್ವಮ್ಮ ಎಂದಿನಂತೆ ಕೊಡ ಹಿಡಿದು ನಲ್ಲಿಗೆ ಬಂದರು. ಬಾಡಿಗೆಯವರ ಪಾತ್ರೆಯನ್ನು ಜನ್ಮದಲ್ಲಿ ಮುಟ್ಟದ ನಮ್ಮಜ್ಜಿ ಆ ಕೊಡ ಕಿತ್ತುಕೊಂಡು, ತುಂಬಿಸಿ, ಸೊಂಟಕ್ಕೆ ಇಟ್ಟುಕೊಂಡು ಅವರ ಕೋಣೆಯವರೆಗೆ ಹೊತ್ತಳು.

ಖಾಸಿಂ ಮರುದಿನ ಹೊರಟ. ಅವತ್ತು ಸಂಜೆ, ಎಲ್ಲ ಕಡೆ ಹಣತೆ ಹಚ್ಚುವ ಹೊತ್ತಿಗೆ, ಹವ್ವಮ್ಮ ಬಾಗಿಲು ಹಾಕಲಿಲ್ಲ. ಬಲ್ಬು ಉರಿಯುತ್ತಿತ್ತು. ಹೊಸ್ತಿಲಲ್ಲಿ ಕಾಲು ಚಾಚಿ ಗೇಟಿನ ಕಡೆ ನೋಡುತ್ತ ಕೂತಿದ್ದರು. ಅಜ್ಜಿ ಹತ್ತಿರ ಹೋದಳು, ನಾನೂ ಹಿಂದೆ ಹೋದೆ.

"ಬಾಗ್ಲು ತೆಗ್ದಿದೀಯಲ್ಲ ಹವ್ವಮ್ಮ. ಅದು ಬಂದ್ರೆ?"

"ಬರ್ಲಿ ಅಮ್ಮಾ" ಅಂದರು. "ಕರೆಯೋದು ಮೂಸಾನ ದನೀಲೇ ಅಲ್ವಾ."

ಅಜ್ಜಿ ಮನೆಗೆ ಬಂದು ತನ್ನ ಮಣೆ ಎತ್ತಿಕೊಂಡು ಹೋಗಿ ಹವ್ವಮ್ಮನ ಪಕ್ಕ ಹಾಕಿಕೊಂಡು ಕೂತಳು. ಮಾರನೆಯ ಸಂಜೆಯೂ ಕೂತಳು. ಹೀಗೇ ದಿನವೂ. ಅಪ್ಪ ಒಮ್ಮೆ, "ನಿನಗೆ ಅದ್ರಲ್ಲೆಲ್ಲ ನಂಬಿಕೆನೇ ಇಲ್ವಲ್ಲಮ್ಮ, ಯಾಕೆ ಚಳಿಯಲ್ಲಿ ಕೂರ್ತೀಯ?" ಎಂದು ಕೇಳಿದರು. "ನನಗಿಲ್ಲ ಕಣೋ. ಆದ್ರೆ ಅವಳು ಎದ್ದು ಹೋಗ್ಬಿಡ್ತಾಳೆ. ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ" ಅಂದಳು ಅಜ್ಜಿ.

ನಫೀಸಾಳ ಓದು ಮುಗಿಯುವವರೆಗೂ ಅವರು ನಮ್ಮಲ್ಲೇ ಇದ್ದರು. ಆಮೇಲೆ ಊರಿಗೆ ಹೋದರು. ಹವ್ವಮ್ಮ ಈಗ ಇದ್ದಾರೋ ಇಲ್ಲವೋ ತಿಳಿಯದು. ಅಜ್ಜಿ ಹೋಗಿ ಬಹಳ ಕಾಲವಾಯಿತು. ಅವಳು ಹೋದ ಮೇಲೆ ಅಪ್ಪ, ಚಿಕ್ಕಪ್ಪಂದಿರು ಸೇರಿ ವಠಾರವನ್ನು ಬಿಲ್ಡರಿಗೆ ಕೊಟ್ಟುಬಿಟ್ಟರು. ಅಲ್ಲಿ ಈಗ ಗಾಜಿನ ಮುಖದ ಕಟ್ಟಡವಿದೆ, ನಲ್ಲಿಯಿದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಹೊರಮಾವಿನಲ್ಲಿ ಅಜ್ಜಿಯ ಕೊಳ್ಳಿದೆವ್ವ ಓಡಾಡಿದ ಹೊಲ ಯಾವುದೆಂದು ತೋರಿಸಬಲ್ಲವರು ಉಳಿದಿಲ್ಲ. ಒಮ್ಮೊಮ್ಮೆ ಮುಸ್ಸಂಜೆ ಬಾಲ್ಕನಿಯಲ್ಲಿ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನನಗೆ ನೆನಪಾಗುವುದು ಆ ಕೊನೆಯ ವರ್ಷದ ಸಂಜೆಗಳು. ಬೀದಿಯಲ್ಲಿ ಯಾರು ಯಾರನ್ನು ಕರೆದರೂ ಹವ್ವಮ್ಮ ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಅದನ್ನು ಕಂಡ ಮೇಲೆ, ಯಾರೂ ಯಾರಿಗೂ ಹೇಳಿಕೊಡದೆಯೇ, ಆ ಹೊತ್ತಿನಲ್ಲಿ ನಮ್ಮ ವಠಾರದಲ್ಲಿ ಹೆಸರು ಹಿಡಿದು ಕೂಗುವುದು ನಿಂತುಹೋಯಿತು. ದೀಪ ಹಚ್ಚಿ ಮುಗಿಸಿದ ತಾಯಂದಿರು ಗಲ್ಲಿಯ ತುದಿಯವರೆಗೆ ನಡೆದು ಬಂದು, ಕುಂಟೆಬಿಲ್ಲೆಯಾಡುತ್ತಿದ್ದ ನಮ್ಮ ಕೈ ಹಿಡಿದು, ಸದ್ದಿಲ್ಲದೆ ಮನೆಗೆ ಕರೆದುಕೊಂಡು ಹೋಗುತ್ತಿದ್ದರು.